ತಕ್ಕಡಿಗೆ ಇಡುವ ಮುಂಚೆ ತಿರುಗಿಸಿ ನೋಡಿ

ಪ್ರಶ್ನೆ: ಸರ್, ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಹಳೆ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಸಿಕ್ಕಿತು. ಅದರಲ್ಲಿ ಅಜ್ಜಿಯ ಬೆಳ್ಳಿ ಗಂಗಾಳ ಇತ್ತು. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಏನೋ ಬರೆದಿದೆ, ಅದರಲ್ಲಿ 60 ಎಂಬ ಅಂಕಿ ಮಾತ್ರ ತಿಳಿಯುತ್ತದೆ. ಜೊತೆಗೆ ದೇವರ ಚಿತ್ರಗಳಿರುವ ಗುಲಾಬ್‌ದಾನಿ, ಚಿಕ್ಕದೊಂದು ಹಾಲಿನ ಜಗ್, ಆರು ಚಮಚ, ಚಾರ್‌ಮಿನಾರ್ ಚಿತ್ರದ ಮೂರು ನಾಣ್ಯ. ಸರಾಫ್ ಅಂಗಡಿಗೆ ಒಯ್ದೆ. ಗಂಗಾಳ 80 ಟಚ್ (ನೂರಕ್ಕೆ 80 ಪಾಲು ಬೆಳ್ಳಿ) ಅಷ್ಟೇ, ಚಮಚ ಬೆಳ್ಳಿಯೇ ಅಲ್ಲ, ಎಲ್ಲಾ ಹಾಕಿ ಹೊಸ ದೀಪದ ಕಂಬ ತಗೊಳ್ಳಿ ಅಂದರು. ಅಜ್ಜಿಯ ತವರು ಮಾನ್ವಿ. ಮದುವೆ ಆಗಿದ್ದು 1930ರ ಆಸುಪಾಸು. ಆ ಕಾಲದಲ್ಲೇ ಅವರಿಗೆ ಮೋಸ ಆಗಿತ್ತಾ? ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಹೇಗೆ ತೊಳೆಯಬೇಕು? ಅಮೆರಿಕಾದಲ್ಲಿರುವ ತಮ್ಮ ಗುಲಾಬ್‌ದಾನಿ ಕೇಳುತ್ತಿದ್ದಾನೆ. ನನಗೂ ಇಂಥ ಹಳೆ ಬೆಳ್ಳಿ ಪಾತ್ರೆ ಸಂಗ್ರಹಿಸುವ ಆಸೆ ಹುಟ್ಟಿದೆ.

ಉತ್ತರ: ಮೊದಲು ಗಂಗಾಳದ ವಿಷಯ. ನಿಮ್ಮ ಪತ್ರ ಓದಿದರೆ ನಿಮಗೆ ಬೇಜಾರಾಗಿರುವುದು ಅದರಿಂದಲೇ ಎಂದು ಗೊತ್ತಾಗುತ್ತದೆ.

ಅಜ್ಜಿಗೆ ಮೋಸ ಆಗಿರಲಿಕ್ಕಿಲ್ಲ. ಅದಕ್ಕೆ ಸಾಕ್ಷಿ ಅದೇ ಟ್ರಂಕಿನಲ್ಲಿದೆ. ಆ ಮೂರು ಚಾರ್‌ಮಿನಾರ್ ನಾಣ್ಯಗಳೇ ಸಾಕ್ಷಿ.

ಆಗಿನ ಕಾಲದಲ್ಲಿ ಹಳ್ಳಿ ಕಡೆ ಬೆಳ್ಳಿ ಪಾತ್ರೆ ಬೇಕೆಂದರೆ ಅಂಗಡಿಯಲ್ಲಿ ಆರಿಸಿ ತರುತ್ತಿದ್ದವರು ಕಡಿಮೆ. ಬೆಳ್ಳಿ ರೂಪಾಯಿಗಳನ್ನು ಎಣಿಸಿ ಪತ್ತಾರರ ಕೈಗೆ ಕೊಡುವುದು, ಅವರು ಅದನ್ನೇ ಕರಗಿಸಿ ಬಡಿದು ತಾಟು, ತಂಬಿಗೆ ಮಾಡಿಕೊಡುವುದು, ಇದು ಬಳಕೆಯಲ್ಲಿತ್ತು. ಹಾಗಾಗಿ ಪಾತ್ರೆಯ ಟಚ್ ಎಷ್ಟು ಎಂಬುದು ಆ ಊರಿನಲ್ಲಿ ಯಾವ ರೂಪಾಯಿ ಓಡುತ್ತಿತ್ತು ಎಂಬುದರ ಮೇಲೆ ನಿಂತಿತ್ತು. ಇಲ್ಲೇ ನಮ್ಮ ಸೀಮೆಯ ಕಥೆ ಬೇರೆಯಾಗುವುದು. 1800ರಲ್ಲಿ ನಿಜಾಮ ಬಳ್ಳಾರಿಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರವರೆಗೆ ಬಳ್ಳಾರಿ ಮದ್ರಾಸಿನ ಕೆಳಗೆ. ನಿಮ್ಮ ಅಜ್ಜಿಯ ಮಾನ್ವಿ ಇರುವ ರಾಯಚೂರು, ಕೊಪ್ಪಳ ಹೈದರಾಬಾದಿನ ಕೆಳಗೇ ಉಳಿದವು. ತುಂಗಭದ್ರೆ ದಾಟಿದರೆ ಸರ್ಕಾರವೂ ಬೇರೆ, ದುಡ್ಡೂ ಬೇರೆ.

ಈ ಕಡೆಯ ಇಂಗ್ಲಿಷ್ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 91.7 ಟಚ್. ಆ ಕಡೆ ಓಡುತ್ತಿದ್ದದ್ದು ನಿಜಾಮನ ಹಾಲಿ ಸಿಕ್ಕಾ ರೂಪಾಯಿ, ನಿಮ್ಮ ಚಾರ್‌ಮಿನಾರ್ ನಾಣ್ಯ ಅದೇ. ತೂಕ 11.18 ಗ್ರಾಂ, ಬೆಳ್ಳಿ 81.8. ನಿಜಾಮನ ಸೀಮೆಯಲ್ಲಿ ಇಂಗ್ಲಿಷ್ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಆರು ಕಲ್ದಾರಿಗೆ ಏಳು ಹಾಲಿ ಲೆಕ್ಕ. ಬೆಳ್ಳಿಯ ತೂಕ ಹಾಕಿ ನೋಡಿದರೂ ಆ ಲೆಕ್ಕ ಸರಿಯಾಗಿ ಕೂಡುತ್ತದೆ.

ಈಗ ನಿಮ್ಮ ಗಂಗಾಳಕ್ಕೆ ಬನ್ನಿ. ತಳದಲ್ಲಿರುವ 60 ಹೆಚ್ಚುಕಡಿಮೆ ಖಂಡಿತ ತೂಕವೇ. ಹಳೆ ಪಾತ್ರೆಗಳ ತಳದಲ್ಲಿ ಹೆಸರಿನ ಜೊತೆ ತೊಲದ ಲೆಕ್ಕ ಕೊರೆಸುವ ರೂಢಿ ಇತ್ತು. ಯಾರಾದರೂ ಅಂಚು ಕತ್ತರಿಸಿಕೊಂಡರೆ ತಿಳಿಯಲಿ ಎಂದು. 60 ತೊಲ ಅಂದರೆ ಸುಮಾರು 700 ಗ್ರಾಂ. ಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ. ಐದಾರು ಗ್ರಾಂ ಕಡಿಮೆ ಬಂದರೆ ಗಾಬರಿ ಬೇಡ, ತೊಂಬತ್ತು ವರ್ಷ ತಿಕ್ಕಿದ್ದಾರಲ್ವಾ? ಮಾನ್ವಿಯ ಪತ್ತಾರರು ಹತ್ತಿರ ಹತ್ತಿರ 63 ಹಾಲಿ ರೂಪಾಯಿ ಕರಗಿಸಿ ಇದನ್ನು ಮಾಡಿದ್ದರೆ ಟಚ್ 82ರ ಮೇಲೆ ಹೋಗುವ ಹಾಗೇ ಇಲ್ಲ. ಬೆಸುಗೆ, ಕರಗಿಸುವಾಗಿನ ಹೆಚ್ಚುಕಡಿಮೆ ಸೇರಿ 80 ಬಂದಿದೆ ಎಂದರೆ ಆ ಮನುಷ್ಯ ಕೊಟ್ಟ ಬೆಳ್ಳಿಯನ್ನೇ ತಿರುಗಿ ಕೊಟ್ಟಿದ್ದಾರೆ. ಇದೇ ಗಂಗಾಳ ಬಳ್ಳಾರಿಯಲ್ಲಿ ಆಗಿ, ಅಜ್ಜಿಯ ಅಪ್ಪ ಕಲ್ದಾರ್ ರೂಪಾಯಿಗಳನ್ನೇ ಎಣಿಸಿ ಕೊಟ್ಟಿದ್ದರೆ, ಆಗ 80 ಟಚ್ ನೋಡಿ ನಾನೂ ಹುಬ್ಬು ಏರಿಸುತ್ತಿದ್ದೆ.

ಇನ್ನೊಂದು ಮಾತು. ಅಂಗಡಿಯಲ್ಲಿ ಟಚ್ ನೋಡುವ ಎಕ್ಸ್‌ಆರ್‌ಎಫ್ ಮಷೀನು ಪಾತ್ರೆಯ ಮೇಲ್ಮೈಯನ್ನು ಮಾತ್ರ ಓದುತ್ತದೆ. ಹಳೆ ಕಾಲದಲ್ಲಿ ಕೆಲಸ ಮುಗಿದ ಮೇಲೆ ಪಾತ್ರೆಯನ್ನು ಕಾಯಿಸಿ ಹುಳಿ ನೀರಿಗೆ ಹಾಕಿ ಬೆಳ್ಳಗೆ ಮಾಡುತ್ತಿದ್ದರು. ಆಗ ಮೇಲಿನ ಪದರದ ತಾಮ್ರ ಹೋಗಿ ಬೆಳ್ಳಿ ಮಾತ್ರ ಉಳಿಯುತ್ತದೆ. ಅದಕ್ಕೇ ಒಂದೇ ತಾಟು ಮಧ್ಯದಲ್ಲಿ ಒಂದು ಅಂಕಿ ತೋರಿಸಿ, ಸವೆದ ಅಂಚಿನಲ್ಲಿ ಇನ್ನೊಂದು ತೋರಿಸುವುದುಂಟು. ಬೆಸುಗೆ ಇರುವ ಕಡೆ ಮತ್ತೂ ಕಡಿಮೆ. ಮೂರು ನಾಲ್ಕು ಕಡೆ ನೋಡಿಸಿ. ಕೊಡಲೇಬೇಕಾಗಿ ಬಂದರೆ 80 ಟಚ್ಚಿಗೆ 700 ಗ್ರಾಮಿನಲ್ಲಿ 560 ಗ್ರಾಂ ಶುದ್ಧ ಬೆಳ್ಳಿ. ಆ 560ಕ್ಕೆ ದರ ಕೇಳಿ. ಅದರ ಮೇಲೆ 'ವೇಸ್ಟೇಜು' ಎಂದು ಮತ್ತೆ ಕಳೆದರೆ ಯಾಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನನ್ನ ಮಾತು ಕೇಳುವುದಾದರೆ ಕೊಡಬೇಡಿ. ಮಾರುಕಟ್ಟೆಯಲ್ಲಿ ಇದಕ್ಕೆ ತೂಕದ ಬೆಲೆಯೇ ಹೊರತು ಬೇರೆ ಬೆಲೆ ಇಲ್ಲ, ಅದು ನಿಜ. ಸಾದಾ ಗಂಗಾಳ, ಲೋಟ, ಪಂಚಪಾತ್ರೆಗಳಿಗೆ ಸಂಗ್ರಹಕಾರರು ಹೆಚ್ಚು ಕೊಡುವುದಿಲ್ಲ. ಆದರೆ ಹೆಸರು, ತೂಕ ಕೊರೆದ, ಯಾವ ಊರಿನದು ಎಂದು ಗೊತ್ತಿರುವ, ಕರಗಿಸಿದ ನಾಣ್ಯದ ಜೊತೆಗಾರರೂ ಪಕ್ಕದಲ್ಲೇ ಇರುವ ಪಾತ್ರೆ ನನ್ನ ಕೈಗೆ ಬಂದಿದ್ದು ತೀರಾ ಕಡಿಮೆ. ಆ ಮೂರು ನಾಣ್ಯಗಳನ್ನು ಗಂಗಾಳದಿಂದ ಬೇರೆ ಮಾಡಬೇಡಿ.

ಚಮಚಗಳ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಹಿಂಬದಿಯಲ್ಲಿ ಇ, ಪಿ, ಎನ್, ಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇವೆ ಎಂದು ಬರೆದಿದ್ದೀರಿ. ನಿಕಲ್ ಸಿಲ್ವರಿನ ಮೇಲೆ ಕರೆಂಟಿನಿಂದ ಬೆಳ್ಳಿ ಲೇಪ ಕೊಟ್ಟದ್ದು ಎಂದು ಅದರ ಅರ್ಥ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಕಂಪನಿ 1840ರಲ್ಲಿ ಈ ವಿದ್ಯೆಗೆ ಪೇಟೆಂಟ್ ಪಡೆಯಿತು. ಒಳಗಿನ ಲೋಹ ನಾವು ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ಅದೇ. ತಾಮ್ರ, ನಿಕಲ್, ಸತು. ಹೆಸರಲ್ಲಿ ಸಿಲ್ವರ್, ಒಳಗೆ ಒಂದು ಗುಂಜಿಯೂ ಇಲ್ಲ. ಕೆಲವರು ಆ ನಾಲ್ಕು ಅಕ್ಷರಗಳನ್ನು ಒಂದೊಂದು ಪುಟ್ಟ ಗುರಾಣಿಯೊಳಗೆ ಕೂರಿಸಿ ಅಸಲಿ ಮುದ್ರೆಯ ಹಾಗೆ ಕಾಣಿಸುತ್ತಿದ್ದರು. ಅದಕ್ಕೆ ಮರುಳಾದವರ ಪಟ್ಟಿ ದೊಡ್ಡದು. ಹಾಗಾಗಿ ಚಮಚದ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸರಿ.

ಆದರೆ ಹಿಡಿಯ ಮೇಲೆ 'ಎಂ ಅಂಡ್ ಎಸ್ ಎಂ ಆರ್' ಎಂದಿದೆ, ಇದು ಯಾರ ಹೆಸರು ಎಂದು ಕೇಳಿದ್ದೀರಲ್ಲ, ಅದು ಮನುಷ್ಯರ ಹೆಸರಲ್ಲ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಹುಟ್ಟಿ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋದ ಕಂಪನಿ. ನಿಮ್ಮ ಚಮಚದ ವಯಸ್ಸು ಆ 43 ವರ್ಷಗಳೊಳಗೆ ಸಿಕ್ಕಿತು. ಅಜ್ಜ ಗುಂತಕಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು ಎಂದೂ ಬರೆದಿದ್ದೀರಿ. ರೈಲ್ವೆ ಚಮಚ ಮನೆಗೆ ಹೇಗೆ ಬಂತು ಎಂದು ನಾನು ಕೇಳುವುದಿಲ್ಲ, ನೀವೂ ಯೋಚನೆ ಮಾಡಬೇಡಿ. ಕರಗಿಸಿದರೆ ಕಾಸೂ ಹುಟ್ಟುವುದಿಲ್ಲ. ರೈಲ್ವೆ ಸಾಮಾನು ಕೂಡಿಡುವವರಿಗೆ ಮಾತ್ರ ಇದು ಹಬ್ಬ.

ಹಾಲಿನ ಜಗ್ ನಿಮಗೆ ಚಿಕ್ಕದಾಗಿ ಕಂಡಿದೆ, ಅಂಗಡಿಯವರೂ ಅದರ ಬಗ್ಗೆ ಏನೂ ಹೇಳಿಲ್ಲ. ಆದರೆ ಶುದ್ಧತೆಯ ಲೆಕ್ಕದಲ್ಲಿ ಇಡೀ ಟ್ರಂಕಿನಲ್ಲಿ ಅನುಮಾನವೇ ಬೇಡದ ವಸ್ತು ಅದೊಂದೇ. ನೀವು ಕಳಿಸಿದ ಫೋಟೊದಲ್ಲಿ ಸಾಲಾಗಿ ನಾಲ್ಕು ಗುರುತು ಕಾಣುತ್ತವೆ. ಒಂದು ಮುಂಗಾಲು ಎತ್ತಿ ನಡೆಯುವ ಸಿಂಹ, ಹಡಗಿನ ಲಂಗರು, ಒಂದು ಅಕ್ಷರ, ಮಾಡಿದವರ ಹೆಸರಿನ ಮೊದಲಕ್ಷರಗಳು. ಸಿಂಹ ಎಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, 92.5. ಲಂಗರು ಎಂದರೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿ. ಸಮುದ್ರದಿಂದ ಅಷ್ಟು ದೂರದ ಊರಿಗೆ ಲಂಗರು ಯಾಕೆ ಅಂತೀರಾ? ಬರ್ಮಿಂಗ್‌ಹ್ಯಾಮಿಗೂ ಶೆಫೀಲ್ಡಿಗೂ ಕಚೇರಿ ಬಂದದ್ದು ಒಂದೇ ವರ್ಷ, 1773ರಲ್ಲಿ. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದ ಹೆಂಡದಂಗಡಿಯ ಹೆಸರು ಕಿರೀಟ ಮತ್ತು ಲಂಗರು ಅಂತಿತ್ತಂತೆ. ಕಿರೀಟ ಶೆಫೀಲ್ಡಿಗೆ ಹೋಯಿತು, ಲಂಗರು ಬರ್ಮಿಂಗ್‌ಹ್ಯಾಮಿಗೆ ಬಂತು ಎಂದು ಕಥೆ ಹೇಳುತ್ತಾರೆ. ಲಂಡನ್ನಿನದಾದರೆ ಚಿರತೆಯ ಮುಖ ಇರುತ್ತದೆ.

ಇಲ್ಲದ ಗುರುತನ್ನೂ ಓದಬೇಕು. 1784ರಿಂದ 1890ರವರೆಗೆ ಇಂಗ್ಲೆಂಡಿನಲ್ಲಿ ಬೆಳ್ಳಿ ಸಾಮಾನಿನ ಮೇಲೆ ತೆರಿಗೆ ಇತ್ತು. ಕಟ್ಟಿದ್ದಕ್ಕೆ ಗುರುತಾಗಿ ರಾಜನದೋ ರಾಣಿಯದೋ ತಲೆ ಒತ್ತುತ್ತಿದ್ದರು. ನಿಮ್ಮ ಜಗ್‌ನಲ್ಲಿ ತಲೆ ಇಲ್ಲ. ಅದರ ಆಕಾರ, ಹಿಡಿಯ ಮಾಟ ನೋಡಿದರೆ 1784ಕ್ಕಿಂತ ಹಿಂದಿನದಲ್ಲ. ಅಂದರೆ 1890ರ ಮೇಲಿನದು. ಮೂರನೇ ಅಕ್ಷರದಿಂದ ವರ್ಷವೇ ಸಿಗುತ್ತದೆ. ಅಕ್ಷರ ಮಾತ್ರ ನೋಡಬೇಡಿ. ಅದೇ ಅಕ್ಷರ ಇಪ್ಪತ್ತೈದು ಇಪ್ಪತ್ತಾರು ವರ್ಷಕ್ಕೊಮ್ಮೆ ಬೇರೆ ಬರವಣಿಗೆಯಲ್ಲಿ, ಬೇರೆ ಆಕಾರದ ಚೌಕಟ್ಟಿನಲ್ಲಿ ತಿರುಗಿ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಅಕ್ಷರಪಟ್ಟಿ ಸುಲಭವಾಗಿ ಸಿಗುತ್ತದೆ. ಭೂತಗನ್ನಡಿ ಹಿಡಿದು ಚೌಕಟ್ಟಿನ ಮೂಲೆಗಳನ್ನೂ ಹೊಂದಿಸಿ. ಬಳ್ಳಾರಿ ದೊಡ್ಡ ದಂಡಿನ ಊರು. ಇಂಗ್ಲಿಷರು ಊರು ಬಿಡುವಾಗ ಸಾಮಾನು ಮಾರಿ ಹೋಗುತ್ತಿದ್ದರು. ಕಂಟೋನ್ಮೆಂಟಿಗೆ ಅಂಟಿಕೊಂಡ ಕೌಲ್ ಬಜಾರಿನ ಮನೆಗಳಲ್ಲಿ ಇಂಥ ಒಂಟಿ ಜಗ್, ಜೊತೆ ತಪ್ಪಿದ ಸಕ್ಕರೆ ಬಟ್ಟಲು ಸಿಕ್ಕರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಇನ್ನು ಗುಲಾಬ್‌ದಾನಿ. ಇದನ್ನು ನಾನು ಫೋಟೊದಲ್ಲಿ ಮಾತ್ರ ನೋಡಿದ್ದೇನೆ, ಆದರೂ ರಾತ್ರಿ ಎರಡು ಸಲ ಎದ್ದು ನೋಡಿದೆ.

ಹೊಟ್ಟೆಯ ಸುತ್ತ ಕಮಾನುಗಳು, ಪ್ರತಿ ಕಮಾನಿನಲ್ಲಿ ಒಂದೊಂದು ದೇವರು. ಇದಕ್ಕೆ ಸ್ವಾಮಿ ಕೆಲಸ ಅನ್ನುತ್ತಾರೆ. ಮದ್ರಾಸಿನದು. ಅಲ್ಲಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಇದಕ್ಕೆ ದೊಡ್ಡ ಹೆಸರು. 1875-76ರಲ್ಲಿ ಇಂಗ್ಲೆಂಡಿನ ಯುವರಾಜ ಇಲ್ಲಿಗೆ ಬಂದು ಹೋದ. ಅವನಿಗೆ ಬಂದ ಉಡುಗೊರೆಗಳನ್ನು ಆಮೇಲೆ ಅಲ್ಲಿ ಪ್ರದರ್ಶನಕ್ಕೂ ಇಟ್ಟರು. ಆ ಕಾಲದ ಸ್ವಾಮಿ ಕೆಲಸದ ಟೀ ಸೆಟ್ಟುಗಳನ್ನು ಸಂಗ್ರಹಕಾರರು ಇವತ್ತಿಗೂ ಹುಡುಕುತ್ತಾರೆ. ಬೇರೆ ಊರುಗಳಿಗೆ ಬೇರೆ ಕೈ. ಕಚ್ಛದ್ದಾದರೆ ಮೈತುಂಬ ಬಳ್ಳಿ, ಎಲೆ. ಅಲ್ಲಿನ ಭುಜ್‌ನ ಊಮರ್ಸಿ ಮಾವ್ಜಿಯ ಗುರುತು ಇದ್ದರೆ ಬೆಲೆ ಎಲ್ಲೋ ಹೋಗುತ್ತದೆ. ಕಾಶ್ಮೀರದ್ದಕ್ಕೆ ಶಾಲಿನ ಚಿತ್ತಾರ, ಕಲ್ಕತ್ತೆಯದ್ದಕ್ಕೆ ಎತ್ತಿನ ಗಾಡಿ, ಗುಡಿಸಲು. ಕರೀಂನಗರದ್ದು ಬೆಳ್ಳಿ ತಂತಿಯ ಜಾಲಿ ಕೆಲಸ. ರಾಯಚೂರು ಕಡೆಯ ಹಳೆ ಮನೆಗಳಲ್ಲಿ ಆ ಜಾಲಿ ಕೆಲಸದ ಅತ್ತರ್‌ದಾನಿ ನೋಡಿದ್ದೇನೆ. ಒಂದು ನೆನಪಿಡಿ. ಇಂಗ್ಲೆಂಡಿನ ಹಾಗೆ ಇಲ್ಲಿ ಆಗ ಸರ್ಕಾರಿ ಮುದ್ರೆ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ ಆನೆಯ ಗುರುತು ಒತ್ತುತ್ತಿತ್ತು, ಅದು ಅವರದೇ ಗುರುತು. ಎಷ್ಟೋ ಒಳ್ಳೆ ಕೆಲಸಗಳಲ್ಲಿ ಯಾವ ಗುರುತೂ ಇರುವುದಿಲ್ಲ. ಗುರುತು ಇಲ್ಲ ಎಂದು ಗುಲಾಬ್‌ದಾನಿಯನ್ನು ತಳ್ಳಿಹಾಕಬೇಡಿ. ಕೈಯನ್ನೇ ಓದಬೇಕು.

ಓದುವುದು ಹೇಗೆ ಎಂದರೆ, ಕಿಟಕಿ ಹತ್ತಿರ ಕೂತು ಅದೇ ದೇವರ ಎರಡು ಮೂರ್ತಿ ಇದ್ದರೆ ಅವೆರಡನ್ನೇ ನೋಡಿ. ನಿಮ್ಮದರಲ್ಲಿ ಕೃಷ್ಣ ಎರಡು ಕಡೆ ಇದ್ದಾನೆ. ಒಂದರಲ್ಲಿ ಕೊಳಲು ಹಿಡಿದ ಮೊಣಕೈ ಕಮಾನಿನ ಕಂಬಕ್ಕೆ ತಾಗಿದೆ. ಇನ್ನೊಂದರಲ್ಲಿ ತಾಗಿಲ್ಲ, ನಡುವೆ ಉಳಿದ ಜಾಗಕ್ಕೆ ಒಂದು ಹೂವು ಹಾಕಿದ್ದಾರೆ. ಅಚ್ಚಿನಲ್ಲಿ ಒತ್ತಿದ್ದರೆ ಹೀಗೆ ಆಗುವುದಿಲ್ಲ, ಎರಡೂ ಅವಳಿ ಮಕ್ಕಳಂತೆ ಇರುತ್ತವೆ. ಕೈಕೆಲಸದಲ್ಲಿ ಹಾಳೆಯ ಒಳಗಿನಿಂದ ಬಡಿದು ಉಬ್ಬಿಸುತ್ತಾರೆ. ಆಮೇಲೆ ಒಳಗೆ ಅರಗು ತುಂಬಿ, ಹೊರಗಿನಿಂದ ಸಣ್ಣ ಉಳಿ ಹಿಡಿದು ಕಣ್ಣು, ಮೂಗು, ಪಂಚೆಯ ಮಡಿಕೆ ಬಿಡಿಸುತ್ತಾರೆ. ಕುತ್ತಿಗೆ ತಿರುಗಿಸಿ ಬಿಚ್ಚಿ, ಒಳಗೆ ಬೆರಳು ಹಾಕಿ. ಹೊರಗೆ ಹೊಟ್ಟೆ ಉಬ್ಬಿದ ಗಣಪತಿ ಒಳಗೆ ಕುಳಿಯಾಗಿ ಬೆರಳಿಗೆ ಸಿಗಬೇಕು. ಒಳಗೆ ನುಣ್ಣಗಿದ್ದರೆ ಅನುಮಾನ ಪಡಿ, ಮೂರ್ತಿಗಳನ್ನು ಎರಕ ಹೊಯ್ದು ಅಂಟಿಸಿರುತ್ತಾರೆ. ಎರಕ ಎಂದರೆ ನಕಲಿ ಅಂತಲ್ಲ, ಆ ರೀತಿಯೂ ಮಾಡುತ್ತಿದ್ದರು. ಲೆಕ್ಕ ಬೇರೆ, ಅಷ್ಟೇ. ಇನ್ನು ಪಾದದ ಕೆಳಭಾಗ ನೋಡಿ. ನಿಜವಾದ ಸವೆತ ನೆಲಕ್ಕೆ ತಾಗುವ ಅಂಚಿನಲ್ಲಿ, ಮೂಗಿನ ತುದಿಯಲ್ಲಿ, ಮೊಣಕಾಲಿನಲ್ಲಿ ಇರುತ್ತದೆ. ಕಮಾನಿನ ಒಳಸಂದಿಯಲ್ಲೂ ಸವೆದಿದ್ದರೆ ಯಾರೋ ಬೇಕೆಂದೇ ಹಳೆಯದು ಮಾಡಿದ್ದಾರೆ.

ಮನೆಯಲ್ಲೇ ಬೆಳ್ಳಿ ಹೌದೋ ಅಲ್ಲವೋ ನೋಡುವ ಒಂದು ದಾರಿ ಹೇಳುತ್ತೇನೆ. ಆಸಿಡ್ಡು, ಒರೆಗಲ್ಲು ಅಂಗಡಿಗೇ ಬಿಡಿ, ಅವು ಗೀರು ಬಿಡುತ್ತವೆ. ಆಯಸ್ಕಾಂತ ನಂಬಬೇಡಿ, ತಾಮ್ರಕ್ಕೂ ಜರ್ಮನ್ ಸಿಲ್ವರಿಗೂ ಅದು ಅಂಟುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಪಾತ್ರೆಯನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಬೋಗುಣಿ ನೀರು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪಾತ್ರೆಯನ್ನು ದಾರದಲ್ಲಿ ಕಟ್ಟಿ ನೀರೊಳಗೆ ಪೂರ್ತಿ ಮುಳುಗಿಸಿ. ತಳ, ಪಕ್ಕ ತಾಗಬಾರದು, ಒಳಗೆ ಗಾಳಿಗುಳ್ಳೆ ಉಳಿಯಬಾರದು. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಪಾತ್ರೆಯ ಲೋಹ ಅಷ್ಟು ಜಾಗ ಹಿಡಿದಿದೆ. 250 ಗ್ರಾಂ ತೂಕದ ಲೋಟ ಬೆಳ್ಳಿಯದಾದರೆ 24ರ ಹತ್ತಿರ ತೋರಿಸುತ್ತದೆ. ಜರ್ಮನ್ ಸಿಲ್ವರಾದರೆ 29ರ ಹತ್ತಿರ. ಇದರಿಂದ 80 ಟಚ್ಚೋ 92 ಟಚ್ಚೋ ಎಂದು ಹೇಳಕ್ಕಾಗಲ್ಲ, ಅಷ್ಟು ಸೂಕ್ಷ್ಮ ಅದಕ್ಕಿಲ್ಲ. ಒಳಗೆ ಅರಗು, ರಾಳ ತುಂಬಿದ ಚಾಕುವಿನ ಹಿಡಿ, ದೀಪದ ಬುಡಕ್ಕೆ ಈ ಲೆಕ್ಕ ನಡೆಯದು.

ತೊಳೆಯುವುದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಾನು ಇದರಲ್ಲಿ ಕೈ ಸುಟ್ಟುಕೊಂಡವನು.

ಸಂಗ್ರಹ ಶುರುಮಾಡಿದ ಹೊಸದರಲ್ಲಿ ಒಂದು ದೊಡ್ಡ ಟ್ರೇ ತಂದಿದ್ದೆ. ಕಪ್ಪಾಗಿತ್ತು. ಪಾಲಿಶ್ ಅಂಗಡಿಯೊಂದಕ್ಕೆ ಕೊಟ್ಟೆ. ಸಂಜೆ ಹೋದರೆ ಟ್ರೇ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಆದರೆ ಅಂಚಿನುದ್ದಕ್ಕೂ ಕೆಂಪು ಕೆಂಪು ಮಚ್ಚೆ. ಬಫಿಂಗ್ ಚಕ್ರ ಬೆಳ್ಳಿಯನ್ನು ತಿಂದು ತಾಮ್ರ ಹೊರಗೆ ಹಾಕಿತ್ತು. ಆಮೇಲೆ ಗೊತ್ತಾಯಿತು, ಅದು ಹಳೆ ಶೆಫೀಲ್ಡ್ ಪ್ಲೇಟ್. ಥಾಮಸ್ ಬೋಲ್ಸೋವರ್ ಎಂಬವನು 1743ರ ಸುಮಾರಿಗೆ ಕಂಡುಹಿಡಿದ ಪದ್ಧತಿ. ತಾಮ್ರದ ಗಟ್ಟಿಯ ಮೇಲೆ ಬೆಳ್ಳಿ ಹಾಳೆಯನ್ನು ಕಾಯಿಸಿ ಬೆಸೆದು, ಎರಡನ್ನೂ ಒಟ್ಟಿಗೆ ಹಾಳೆಯಾಗಿ ಎಳೆಯುತ್ತಾರೆ. ನೂರೈವತ್ತು ವರ್ಷ ತಡೆದದ್ದು ಒಂದು ಮಧ್ಯಾಹ್ನದಲ್ಲಿ ಹೋಯಿತು. ಅಂಗಡಿಯವನ ತಪ್ಪಲ್ಲ. ಹೊಳಪು ಬೇಕು ಅಂದೆ, ಕೊಟ್ಟ. ಆ ಟ್ರೇ ಈಗಲೂ ನನ್ನ ಮೇಜಿನ ಮೇಲಿದೆ, ಕನ್ನಡಕ ಇಡುತ್ತೇನೆ.

ಹಾಗಾಗಿ ಬಫಿಂಗ್ ಯಾವುದಕ್ಕೂ ಬೇಡ. ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ. ಗಾಳಿಯಲ್ಲಿರುವ ಗಂಧಕ ಬೆಳ್ಳಿಯ ಜೊತೆ ಸೇರಿ ಕಪ್ಪು ಪೊರೆ ಕಟ್ಟುತ್ತದೆ. ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ಎಲ್ಲದರಲ್ಲೂ ಅದು ಇದೆ. ತಿಕ್ಕಿದಾಗ ಹೋಗುವುದು ಆ ಪೊರೆ, ಅಂದರೆ ಬೆಳ್ಳಿಯೇ. ಗಂಗಾಳ, ಜಗ್ಗಿಗೆ ಮೊದಲು ಬೆಚ್ಚಗಿನ ಸೋಪಿನ ನೀರು ಸಾಕು. ಅದಕ್ಕೂ ಬಗ್ಗದಿದ್ದರೆ ಅಲ್ಯುಮಿನಿಯಂ ಪಾತ್ರೆಯಲ್ಲಿ ಕುದಿಯುವ ನೀರು ಹಾಕಿ, ಲೀಟರಿಗೆ ಒಂದೆರಡು ಚಮಚ ಅಡುಗೆ ಸೋಡಾ ಕಲಸಿ, ಬೆಳ್ಳಿ ಪಾತ್ರೆಯನ್ನು ಅಲ್ಯುಮಿನಿಯಮ್ಮಿಗೆ ತಾಗುವಂತೆ ಮುಳುಗಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆಗುತ್ತಿದೆ ಎಂದೇ ಅರ್ಥ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯುಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ನಮ್ಮ ಕಡೆ ವಿಭೂತಿ ಹಚ್ಚಿ ತಿಕ್ಕುವ ಪದ್ಧತಿ ಇದೆಯಲ್ಲ, ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಬೆರಳಲ್ಲಿ ಉಜ್ಜಿ ನೋಡಿ, ನುಣ್ಣಗಿದ್ದರೆ ಸರಿ, ಮರಳು ಮರಳಾಗಿ ಸಿಕ್ಕರೆ ಬಿಡಿ. ಟೂತ್‌ಪೇಸ್ಟ್ ಬೇಡ. ಹುಣಸೆಹಣ್ಣು, ಉಪ್ಪು ಹಿತ್ತಾಳೆಗೆ ಇರಲಿ. ಉಪ್ಪು ಬೆಳ್ಳಿಗೆ ಶತ್ರು. ಇಂಗ್ಲಿಷರು ಉಪ್ಪಿನ ಬಟ್ಟಲಿನ ಒಳಗೆ ಚಿನ್ನದ ನೀರು ಹಾಕಿಸುತ್ತಿದ್ದದ್ದು ಅದಕ್ಕೇ. ಗಂಗಾಳದಲ್ಲಿ ಊಟ ಮಾಡಿ, ಸಂತೋಷ. ಉಪ್ಪಿನಕಾಯಿ ಮಾತ್ರ ಬೇರೆ ಬಟ್ಟಲಲ್ಲಿ ಹಾಕಿಕೊಳ್ಳಿ.

ಗುಲಾಬ್‌ದಾನಿಗೆ ಸೋಡಾ ಉಪಾಯ ಬೇಡವೇ ಬೇಡ. ಮೂರ್ತಿಗಳ ಸಂದಿಯ ಕಪ್ಪಿನಿಂದಲೇ ಆ ಕೆಲಸ ಎದ್ದು ಕಾಣುವುದು. ಅದೂ ಹೋದರೆ ದೇವರೆಲ್ಲ ಸುಣ್ಣ ಬಳಿದ ಗೊಂಬೆಗಳಾಗುತ್ತಾರೆ. ಹಳೆ ಮೆತ್ತನೆ ಪಂಚೆ ತುಂಡಿನಿಂದ ಉಬ್ಬಿದ ಭಾಗ ಮಾತ್ರ ಒರೆಸಿ. ಮುಂದೆ ಬೀದರಿನ ಬಿದ್ರಿ ಸಾಮಾನು ಕೊಂಡರೂ ಇದೇ ಮಾತು. ಅದು ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿದ್ದು. ಬೀದರ್ ಕೋಟೆಯ ಮಣ್ಣು ಹಚ್ಚಿ ಬರಿಸಿದ ಕಪ್ಪೇ ಅದರ ಜೀವ. ಹುಳಿ ತಾಗಿಸಿದರೆ ಮುಗಿಯಿತು.

ಸುತ್ತಿಡಲು ನ್ಯೂಸ್‌ಪೇಪರ್ ಬೇಡ, ಒಗೆದ ಹತ್ತಿ ಬಟ್ಟೆ ಒಳ್ಳೆಯದು.

ತಮ್ಮನಿಗೆ ಗುಲಾಬ್‌ದಾನಿ ಕಳಿಸುವ ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾಕೆಲಸ ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ದೇಶದೊಳಗೆ ಕೊಡಬಹುದು. ಹೊರದೇಶಕ್ಕೆ ನಾವು ನೀವು ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಇಟ್ಟು ಕಳಿಸೋಣ ಎಂದು ಮನೆಯಲ್ಲಿ ಯಾರಾದರೂ ಅಂದರೆ ಖಂಡಿತ ಬೇಡ ಅನ್ನಿ. ನಿಮ್ಮದು ನೂರು ವರ್ಷದ ಒಳಗಿನದು ಅನ್ನಿಸಿದರೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ತೋರಿಸಿ, ಪ್ರಾಚ್ಯವಸ್ತು ಅಲ್ಲ ಎಂಬ ಪತ್ರ ಪಡೆದು ಕಳಿಸಬಹುದು. ಫೋಟೊ ನೋಡಿದ ಮಟ್ಟಿಗೆ ನನಗೆ ಹಾಗೆ ಅನ್ನಿಸುವುದಿಲ್ಲ. ತಮ್ಮನಿಗೆ ರೈಲ್ವೆ ಚಮಚ ಕೊಡಿ. ಅಜ್ಜನ ನೆನಪು ಅದರಲ್ಲೇ ಜಾಸ್ತಿ ಇದೆ.

ಸಂಗ್ರಹ ಶುರುಮಾಡುವ ಆಸೆ ಒಳ್ಳೆಯದೇ. ಆದರೆ ಎಲ್ಲಾ ಕೊಳ್ಳಲು ಹೋಗಬೇಡಿ. ಊರ ಸರಾಫ್ ಅಂಗಡಿಗಳಿಗೆ ಹಳೆ ಬೆಳ್ಳಿ ಎಕ್ಸ್‌ಚೇಂಜಿಗೆ, ಬಿಡಿಸದೆ ಉಳಿದ ಗಿರವಿಯಾಗಿ ಬರುತ್ತಲೇ ಇರುತ್ತದೆ. ದರ ಏರಿದಷ್ಟೂ ಬೇಗ ಕುಲುಮೆ ಸೇರುತ್ತದೆ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಇಂಗ್ಲೆಂಡ್, ಅಮೆರಿಕಾದಲ್ಲೂ ಮನೆಮನೆಯ ಟೀ ಸೆಟ್ಟುಗಳು ಕರಗಿ ಹೋದವು. ಒಂದಿಬ್ಬರು ಅಂಗಡಿಯವರ ಪರಿಚಯ ಮಾಡಿಕೊಂಡು, ಕರಗಿಸುವ ಮುಂಚೆ ಒಂದು ಫೋನ್ ಮಾಡಿ ಅಂತ ಹೇಳಿಡಿ. ತೂಕದ ಬೆಲೆಯ ಮೇಲೆ ಸ್ವಲ್ಪ ಕೊಟ್ಟರೆ ಅವರಿಗೂ ಖುಷಿ. ನನ್ನ ಸಂಗ್ರಹದ ಮುಕ್ಕಾಲು ಪಾಲು ಬಂದಿದ್ದು ಹೀಗೇ. ಬಿಲ್ ತಗೊಳ್ಳಿ. 'ಹಂಪಿ ಹತ್ತಿರ ಅಗೆಯುವಾಗ ಸಿಕ್ಕಿದ್ದು, ಯಾರಿಗೂ ಹೇಳಬೇಡಿ' ಅಂತ ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ನಿಜವಾದರೆ ಅದು ಸರ್ಕಾರಕ್ಕೆ ತಿಳಿಸಬೇಕಾದ ನಿಧಿ. ಸುಳ್ಳಾದರೆ, ಹೆಚ್ಚಾಗಿ ಸುಳ್ಳೇ, ಜರ್ಮನ್ ಸಿಲ್ವರಿಗೆ ಸಗಣಿ ಮಣ್ಣು ಮೆತ್ತಿದ್ದು.

ಹೊಸ ಬೆಳ್ಳಿ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಎಚ್‌ಯುಐಡಿ ಸಂಖ್ಯೆ, ಅಂದರೆ ಒಂದೊಂದು ವಸ್ತುವಿಗೂ ಅದರದೇ ಗುರುತಿನ ಸಂಖ್ಯೆ ಬಂದಿದೆ, ಚಿನ್ನದ ಹಾಗೆ ಕಡ್ಡಾಯ ಮಾಡಿಲ್ಲ. ಹಳೆಯದಕ್ಕೆ ಮಾತ್ರ ಹೊಸ ಮುದ್ರೆ ಹೊಡೆಸಬೇಡಿ. ಹಳೆ ಕೆಲಸ ನೋಡಿ ಕಣ್ಣು ಪಳಗಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಒಂದು ದಿನ ಕಳೆಯಿರಿ. ಕೊಪ್ಪಳ ಒಂದು ಕಾಲಕ್ಕೆ ಅದೇ ಸಾಲಾರ್ ಜಂಗ್ ಮನೆತನದ ಜಾಗೀರು. ಅಲ್ಲಿನ ವೈಭವದಲ್ಲಿ ನಮ್ಮ ಕಡೆಯ ಜೋಳದ ಹೊಲಗಳ ಪಾಲೂ ಇದೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಒಂದು ಕೆಲಸ ಬಾಕಿ ಇದೆ. ಗಂಗಾಳದ ತಳದ ಚುಕ್ಕೆ ಬರಹ ಫೋಟೊದಲ್ಲಿ ಸರಿಯಾಗಿ ಬಂದಿಲ್ಲ. ಮೇಲಿಂದ ಫ್ಲ್ಯಾಶ್ ಹಾಕಬೇಡಿ. ಚೂರು ವಿಭೂತಿ ಸವರಿ, ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಚುಕ್ಕೆಗಳಲ್ಲಿ ಬಿಳಿ ಉಳಿಯುತ್ತದೆ. ಕೋಣೆ ಕತ್ತಲೆ ಮಾಡಿ, ಟಾರ್ಚ್ ಅಡ್ಡಲಾಗಿ ಹಿಡಿದು ತೆಗೆಯಿರಿ. 60ರ ಪಕ್ಕದ ಸಾಲು ನನಗೆ ಉರ್ದುವಿನ ಹಾಗೆ ಕಾಣುತ್ತದೆ, ಅದರ ಕೆಳಗಿನದು ಕನ್ನಡ, ಮೊದಲ ಅಕ್ಷರ 'ಬ' ಇರಬೇಕು. ಅಜ್ಜಿಯ ಹೆಸರು ನೀವು ಬರೆದಿಲ್ಲ. 'ಬ'ದಿಂದ ಶುರುವಾಗುತ್ತದಾ?